ಪದಚರ್ಚೆ: ‘ವೈಲ್ಡರ್‌ನೆಸ್’ಗೆ ಕನ್ನಡದಲ್ಲಿ ಏನು? (ಬೇಗ ಬೇಕು)

ಎಲ್ಲರಿಗೂ ನಮಸ್ಕಾರ. ಅಲಾಸ್ಕಾದ ಆರ್ಕ್ಟಿಕ್ ವನ್ಯಜೀವಿ ರಕ್ಷಿತ ಪ್ರದೇಶದ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ, ನಾಳೆ ಬೆಳಿಗ್ಗೆಯೇ ಅಚ್ಚಿಗೆ ಹೋಗಬೇಕು. ಅಲ್ಲಿನ ಕರಾವಳಿ ಬಯಲಲ್ಲಿ, ಅಂದರೆ ಸುಮಾರು 15 ಲಕ್ಷ ಎಕರೆಯಲ್ಲಿ, ಎಣ್ಣೆ ಮತ್ತು ಗ್ಯಾಸ್ ತೆಗೆಯಬೇಕೋ ಬೇಡವೋ ಅನ್ನುವ ಜಗಳ 1980ರಿಂದಲೂ ಬಗೆಹರಿದಿಲ್ಲ. ‘ವೈಲ್ಡರ್‌ನೆಸ್’ಗೆ, ಅಂದರೆ ಮನುಷ್ಯ ತಿದ್ದದೆ ಹಾಗೇ ಉಳಿದ ನೆಲಕ್ಕೆ, ‘ಕಾಡು’ ಅನ್ನೋಣವೆಂದರೆ ಆ ಬಯಲಲ್ಲಿ ಮರವೇ ಇಲ್ಲ. ‘ಬೀಳು’, ‘ಬಂಜರು’ ಅಂದರೆ ಕೆಲಸಕ್ಕೆ ಬಾರದ ನೆಲ ಅಂತಾಗುತ್ತದೆ, ಕೊರೆದರೆ ಏನಂತೆ ಅನ್ನುವವರ ಕಡೆಗೇ ವಾಲಿದ ಹಾಗೆ. ಏನು ಬರೆಯಲಿ?

* * *

ಅಸ್ಪೃಷ್ಟ ನಿಸರ್ಗ. ‘ಡ್ರಿಲ್ಲಿಂಗ್’ಗೆ ತೈಲ ಕೊರೆತ. ಇಷ್ಟಕ್ಕೆ ಚರ್ಚೆ ಯಾಕೆ?

* * *

ಎರಡೂ ತಪ್ಪು, ಅದಕ್ಕೇ ಚರ್ಚೆ. ‘ಅಸ್ಪೃಷ್ಟ’ ಅಂದ ಕೂಡಲೇ ಓದುವವರಿಗೆ ನೆನಪಾಗುವುದು ಅಸ್ಪೃಶ್ಯತೆ. ಕರಾವಳಿಯ ಮಾತಾಡುವಾಗ ‘ಕೊರೆತ’ ಅಂದರೆ ಕಡಲ್ಕೊರೆತ ಅಂದುಕೊಳ್ಳುತ್ತಾರೆ. ‘ಬಾವಿ ಕೊರೆಯುವುದು’ ಅನ್ನಿ, ಸಾಕು. ಇನ್ನು ‘ತೈಲ’ ಯಾಕೆ ಬೇಕು? ಎಳ್ಳು, ನೆಯ್ ಸೇರಿ ಆದ ‘ಎಣ್ಣೆ’ ನಮ್ಮದೇ ಇದೆಯಲ್ಲ. ನೆಲದಿಂದ ಬರುವುದಕ್ಕೆ ‘ಕಲ್ಲೆಣ್ಣೆ’. ಪೆಟ್ರೋಲಿಯಂ ಅನ್ನುವ ಲ್ಯಾಟಿನ್ ಮಾತಿಗೂ ಅದೇ ಅರ್ಥ. ಮನೆಯಲ್ಲಿ ಪದ ಇದ್ದರೂ ಸಾಲ ತರುವ ಚಾಳಿ ಬಿಡಬೇಕು.

* * *

‘ತೈಲ’ ಬಂದಿರುವುದೂ ‘ತಿಲ’ದಿಂದ. ಅದೂ ಎಳ್ಳೇ. ಒಂದು ಮಡಿ, ಇನ್ನೊಂದು ಮೈಲಿಗೆ ಅಂತ ಸುಮ್ನೆ ಯಾಕೆ ಜಗಳ? ಓದುವವರಿಗೆ ತಿಳಿಯುವುದು ಮುಖ್ಯ ಅಲ್ವಾ. ‘ಕಲ್ಲೆಣ್ಣೆ’ ಜಾಸ್ತಿ ಜನಕ್ಕೆ ಗೊತ್ತಾಗುವುದಿಲ್ಲ.

ನನ್ನ ತಕರಾರು ಬೇರೆ. ‘ಮುಟ್ಟದ’, ‘ಜನರಿಲ್ಲದ’ ಅನ್ನುವ ಅರ್ಥದ ಯಾವ ಪದವೂ ಅಲ್ಲಿಗೆ ಹೊಂದುವುದಿಲ್ಲ. ಆ ಬಯಲಿನ ಅಂಚಿನಲ್ಲೇ ಕಾಕ್ಟೊವಿಕ್ ಅನ್ನುವ ಊರಿದೆ, ಅಲ್ಲಿನ ಮೂಲನಿವಾಸಿಗಳಾದ ಇನುಪಿಯಾಟ್ ಜನರಲ್ಲಿ ಹಲವರು ಎಣ್ಣೆ ಬಾವಿ ಬೇಕು ಅನ್ನುತ್ತಾರೆ. ದಕ್ಷಿಣಕ್ಕಿರುವ ಇನ್ನೊಂದು ಮೂಲನಿವಾಸಿ ಗುಂಪು ಗ್ವಿಚಿನ್ ಜನ ಬೇಡವೇ ಬೇಡ ಅನ್ನುತ್ತಾರೆ, ಯಾಕೆಂದರೆ ಅವರು ನೆಚ್ಚಿಕೊಂಡ ಕ್ಯಾರಿಬೂ (ಜಿಂಕೆ ಜಾತಿಯ ಪ್ರಾಣಿ) ಹಿಂಡು ಮರಿ ಹಾಕುವುದು ಅದೇ ಬಯಲಲ್ಲಿ. 1980ರ ದಶಕದಲ್ಲಿ ಅಲ್ಲೊಂದು ಪರೀಕ್ಷಾ ಬಾವಿಯನ್ನೂ ಕೊರೆದಿದ್ದರು. ಅಮೆರಿಕದ 1964ರ ವೈಲ್ಡರ್‌ನೆಸ್ ಕಾಯಿದೆ ಕೂಡ ಮನುಷ್ಯ ಕಾಲಿಡದ ಜಾಗ ಅನ್ನುವುದಿಲ್ಲ. ಮನುಷ್ಯನ ಅಂಕೆಗೆ ಸಿಗದ ನೆಲ, ಅವನು ಬಂದು ಹೋಗುವವನು ಮಾತ್ರ ಅನ್ನುತ್ತದೆ. ಹಾಗಾಗಿ ‘ಪಳಗದ ನೆಲ’ ಅನ್ನಿ.

* * *

‘ಪಳಗು’ ಪ್ರಾಣಿಗೆ. ನೆಲಕ್ಕಲ್ಲ.

* * *

ಕೈ ಪಳಗಿದೆ ಅನ್ನುತ್ತೇವಲ್ಲ, ಪ್ರಾಣಿಗೆ ಮಾತ್ರ ಅಂತೇನಿಲ್ಲ. ‘ಪಳಗದ ನೆಲ’, ‘ಎಣ್ಣೆ ಬಾವಿ’ ಎರಡನ್ನೂ ಹಾಕಿದೆ, ಉಪಕಾರವಾಯಿತು. ಗ್ಯಾಸ್ ಹಾಗೇ ಇರಲಿ. ‘ಅನಿಲ’ ಕೂಡ ಗಾಳಿಗೆ ಸಂಸ್ಕೃತದಿಂದ ತಂದ ಮಾತೇ. ಇನ್ನೊಂದು ಉಳಿದಿದೆ. 2021ರ ಜನವರಿಯಲ್ಲಿ ಆ ನೆಲದಲ್ಲಿ ಎಣ್ಣೆ ತೆಗೆಯುವ ಹಕ್ಕು ಹರಾಜಿಗೆ ಬಂದಾಗ ದೊಡ್ಡ ಎಣ್ಣೆ ಕಂಪನಿಗಳು ಬರಲಿಲ್ಲ, 2025ರ ಜನವರಿಯಲ್ಲಿ ಒಬ್ಬರೂ ಕೂಗಲಿಲ್ಲ. ಈ ‘ಲೀಸ್’ಗೆ ‘ಗುತ್ತಿಗೆ’ ಅನ್ನಲೇ, ‘ಗೇಣಿ’ ಅನ್ನಲೇ? ಗೇಣಿ ಅಂದರೆ ಉಳುವ ಮಾತಾಗುತ್ತದೆ, ಇಲ್ಲಿ ಉಳುವವರು ಯಾರೂ ಇಲ್ಲ.