ಪದಚರ್ಚೆ: ಮೌಸಿನ ‘ಡಿಪಿಐ’ಗೆ ‘ವೇಗ’ ಎನ್ನಬಹುದೇ?

ಪ್ರಶ್ನೆ (ತುಮಕೂರಿನಿಂದ): ಶಾಲೆಯ ಕಂಪ್ಯೂಟರ್ ಲ್ಯಾಬಿಗಾಗಿ ಕನ್ನಡದ ಕೈಪಿಡಿ ಸಿದ್ಧವಾಗುತ್ತಿದೆ. ಮೌಸಿನ ಡಬ್ಬಿಯ ಮೇಲಿರುವ ‘800 ಡಿಪಿಐ’ (ಡಾಟ್ಸ್ ಪರ್ ಇಂಚ್) ಎಂಬುದನ್ನು ಕರಡಿನಲ್ಲಿ ಒಂದು ಕಡೆ ‘ವೇಗ’ ಎಂದೂ ಇನ್ನೊಂದು ಕಡೆ ‘ಇಂಚಿಗೆ ಚುಕ್ಕಿಗಳು’ ಎಂದೂ ಬರೆದಿದೆ. ಇಲ್ಲಿನ ಅಂಗಡಿಗಳಲ್ಲೂ ‘ಡಿಪಿಐ ಜಾಸ್ತಿ ಮಾಡಿ, ಸ್ಪೀಡಾಗುತ್ತೆ’ ಅಂತಾರೆ. ಯಾವುದನ್ನು ಉಳಿಸಿಕೊಳ್ಳೋಣ?

ಉತ್ತರ: ಎರಡನ್ನೂ ಬಿಡಿ ಸರ್. ಚುಕ್ಕಿ ಇಡುವುದು ಪ್ರಿಂಟರ್. ಮೌಸ್ ಮಾಡುವುದು ಎಣಿಕೆ. ಒಂದು ಇಂಚು ಸರಿಸಿದರೆ 800 ಎಣಿಕೆ ಕಂಪ್ಯೂಟರಿಗೆ ಹೋಗುತ್ತದೆ; ನಿಧಾನವಾಗಿ ಸರಿಸಿದರೂ ಅಷ್ಟೇ, ರಭಸದಿಂದ ಸರಿಸಿದರೂ ಅಷ್ಟೇ. ತಯಾರಕರಲ್ಲಿ ಕೆಲವರು ಇದನ್ನೇ ಸಿಪಿಐ (ಕೌಂಟ್ಸ್ ಪರ್ ಇಂಚ್) ಎನ್ನುತ್ತಾರೆ, ಅದೇ ಸರಿ. ಕನ್ನಡದಲ್ಲಿ ‘ಇಂಚಿಗೆ 800 ಎಣಿಕೆ’ ಎಂದರೆ ಸಾಕು, ಹೊಸ ಪದ ಕಟ್ಟುವುದೇ ಬೇಡ.

ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ 1964ರಲ್ಲಿ ಕಟ್ಟಿದ ಮರದ ಮೌಸಿನಲ್ಲಿ ಈ ಎಣಿಕೆ ಇರಲಿಲ್ಲ. ಅಡಿಯಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ಗಾಲಿ, ಪ್ರತಿ ಗಾಲಿಗೂ ಒಂದು ಪೊಟೆನ್ಷಿಯೊಮೀಟರ್. ಹಳೆಯ ರೇಡಿಯೋದ ವಾಲ್ಯೂಮ್ ತಿರುಪಿನೊಳಗೆ ಇರುತ್ತಿತ್ತಲ್ಲ, ಅದೇ ಭಾಗ. ಗಾಲಿ ಉರುಳಿದಷ್ಟು ವೋಲ್ಟೇಜ್ ಬದಲಾಗುತ್ತಿತ್ತು. ನಾವು ಕಂಡ ಚೆಂಡಿನ ಮೌಸಿನಲ್ಲಿ ರೋಲರಿನ ತುದಿಗೆ ಸೀಳುಗಳಿರುವ ಚಕ್ರ ಇರುತ್ತಿತ್ತು. ಸೀಳು ದಾಟಿ ಬೆಳಕು ಬಂದು ಮರೆಯಾದದ್ದೇ ಎಣಿಕೆ. ದಿಕ್ಕು ಗೊತ್ತಾಗಲೆಂದು ಎರಡು ಸೆನ್ಸರನ್ನು ತುಸು ಹಿಂದುಮುಂದಾಗಿ ಕೂರಿಸುತ್ತಿದ್ದರು: ಬೆಳಕು ಮೊದಲು ಯಾವುದಕ್ಕೆ ಬಿತ್ತೋ ಅದರಿಂದ ಎಡವೋ ಬಲವೋ ತಿಳಿಯುತ್ತಿತ್ತು. ರೋಲರಿಗೆ ಕೊಳೆ ಸುತ್ತಿಕೊಂಡರೆ ಚೆಂಡು ಜಾರಿ ಎಣಿಕೆ ತಪ್ಪುತ್ತಿತ್ತು.

‘ವೇಗ’ ಪದವನ್ನು ವಿಂಡೋಸಿನ ‘ಪಾಯಿಂಟರ್ ಸ್ಪೀಡ್’ಗೆ ಮೀಸಲಿಡಿ. ಬಂದ ಎಣಿಕೆಗೆ ಬಾಣವನ್ನು ಎಷ್ಟು ಪಿಕ್ಸೆಲ್ ಓಡಿಸಬೇಕೆಂದು ಅದು ನಿರ್ಧರಿಸುತ್ತದೆ. ಕೈಪಿಡಿಯಲ್ಲಿ ಈ ಪರೀಕ್ಷೆಯನ್ನೂ ಸೇರಿಸಿ: ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಮುಂದಿನ ಗುರುತು ತೆಗೆಯಿರಿ (ಅದು ಇದ್ದರೆ ಕೈಯ ರಭಸಕ್ಕೆ ತಕ್ಕಂತೆ ಲೆಕ್ಕ ಬದಲಾಗುತ್ತದೆ), ಸ್ಪೀಡ್ ಪಟ್ಟಿಯನ್ನು ನಟ್ಟನಡುವೆ ಇಡಿ. ಆಗ ಒಂದು ಎಣಿಕೆಗೆ ಒಂದು ಪಿಕ್ಸೆಲ್. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಬಾಣವನ್ನು ಈ ಅಂಚಿನಿಂದ ಆ ಅಂಚಿಗೆ ಒಯ್ದು, ಮೌಸ್ ಸರಿದ ದೂರವನ್ನು ಸ್ಕೇಲಿನಿಂದ ಅಳೆಯಿರಿ. 800ಕ್ಕೆ 2.4 ಇಂಚು, 1600ಕ್ಕೆ 1.2 ಇಂಚು ಬರಬೇಕು.

ಗಾಜಿನ ಮೇಜಿನ ಮೇಲೆ ಮಾತ್ರ ಅಳೆಯಬೇಡಿ. ಆಪ್ಟಿಕಲ್ ಮೌಸ್ ಮೇಲ್ಮೈಯ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು ಹೋಲಿಸುತ್ತದೆ. ನುಣುಪು ಗಾಜಿನಲ್ಲಿ ಹೋಲಿಸಲು ಗುರುತೇ ಸಿಗದೆ ಬಾಣ ನಿಂತುಬಿಡುತ್ತದೆ. ಅಡಿಗೊಂದು ಬಿಳಿ ಹಾಳೆ ಹಾಕಿ.