ವಿ.ವಿ. ಲೈಬ್ರರಿ ರಾತ್ರಿ 11ರವರೆಗೆ: ನಮ್ಮ ಬಡಾವಣೆ ಏನು ಹೇಳಬೇಕು?

ಮನೆ 17: ಎಲ್ಲರಿಗೂ ನಮಸ್ಕಾರ. ಲೈಬ್ರರಿ ಈಗ 8ಕ್ಕೆ ಮುಚ್ಚುತ್ತದೆ. 11ರವರೆಗೆ ತೆರೆದಿಡಿ ಅಂತ ವಿದ್ಯಾರ್ಥಿಗಳು ಅರ್ಜಿ ಕೊಟ್ಟಿದ್ದಾರೆ. ಹಿಂದಿನ ಗೇಟು ನಮ್ಮ ರಸ್ತೆಗೇ ಬರುವುದರಿಂದ ನಮ್ಮನ್ನೂ ಕೇಳಿದ್ದಾರೆ. ತೆರೆಯಲಿ ಅನ್ನುವುದು ನನ್ನ ಮಾತು. ನಿನ್ನೆ ಎಂಟೂವರೆಗೆ ಹಾಲು ತರಲು ಹೋದಾಗ ಎಟಿಎಂ ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ ಓದುತ್ತಾ ಕೂತಿದ್ದಳು. ಹನಿ ಬೀಳುತ್ತಿತ್ತು. ಜೆರಾಕ್ಸ್ ಹಾಳೆಗಳನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಒಂದೊಂದೇ ಹೊರಗೆ ತೆಗೆಯುತ್ತಿದ್ದಳು. "ರೂಮಲ್ಲಿ ನಾಲ್ಕು ಜನ ಆಂಟಿ, ಒಬ್ಬಳು ಮಲಗಿದರೂ ಲೈಟ್ ಆರಿಸಬೇಕು" ಅಂದಳು.

ಮನೆ 22: ಓದಲಿ ಮೇಡಂ, ಬೇಡ ಅನ್ನಲ್ಲ. ಆದರೆ ಹನ್ನೊಂದಕ್ಕೆ ಐವತ್ತು ಬೈಕು ಒಟ್ಟಿಗೆ ಸ್ಟಾರ್ಟ್ ಆದರೆ? ನಮ್ಮ ತಾಯಿ ಮಾತ್ರೆ ತಗೊಂಡು ಒಂಬತ್ತಕ್ಕೇ ಮಲಗುತ್ತಾರೆ.

ಮನೆ 9: ಆಸ್ತಿ ತೆರಿಗೆ ಜೊತೆ 6% ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಹಾಗಾದರೆ ನಮ್ಮ ಮಕ್ಕಳನ್ನೂ ಒಳಗೆ ಬಿಡಲಿ.

ಮನೆ 31: ಆ ದುಡ್ಡು 1965ರ ಕಾಯ್ದೆ ಪ್ರಕಾರ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುತ್ತದೆ ಸಾರ್, ವಿ.ವಿ.ಗೆ ಅಲ್ಲ. ನಾನು ಲೈಬ್ರರಿಯಲ್ಲೇ ಕೆಲಸ ಮಾಡಿ ರಿಟೈರ್ ಆದವನು, ಸ್ವಲ್ಪ ಉದ್ದ ಬರೆಯುತ್ತೇನೆ. ಇಡೀ ಕಟ್ಟಡ ತೆರೆಯಬೇಕಿಲ್ಲ. ಪುಸ್ತಕ ಕೊಡುವ ಕೌಂಟರು, ಕಪಾಟಿನ ಮಹಡಿಗಳು 8ಕ್ಕೆ ಮುಚ್ಚಲಿ. ಕೆಳಗಿನ ರೀಡಿಂಗ್ ಹಾಲ್ ಒಂದಿದ್ದರೆ ಸಾಕು. ಬೇಕಾದ ಪುಸ್ತಕವನ್ನು ಎಂಟರೊಳಗೆ ಬರೆಸಿ ಮೇಜಿಗೆ ತಂದುಕೊಳ್ಳಲಿ. ಆಗ ಒಬ್ಬ ಅಟೆಂಡರ್, ಒಬ್ಬ ವಾಚ್‌ಮನ್ ಇದ್ದರೆ ನಡೆಯುತ್ತದೆ. ಆದರೆ ಬೆಳಿಗ್ಗೆ ಬಂದವರನ್ನೇ ರಾತ್ರಿವರೆಗೂ ಕೂರಿಸಬಾರದು. ಅವರಿಗೂ ಮನೆ ಇದೆ, ಬೇರೆ ಶಿಫ್ಟ್ ಹಾಕಲೇಬೇಕು. ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲೇ ಹೇಳಿದ ಮೊದಲ ಸೂತ್ರ, ಪುಸ್ತಕ ಇರುವುದು ಬಳಸುವುದಕ್ಕೆ. ಲೈಬ್ರರಿ ಎಷ್ಟು ಹೊತ್ತು ತೆರೆದಿರಬೇಕು ಅನ್ನುವ ಮಾತನ್ನೂ ಅವರು ಆ ಸೂತ್ರದ ಕೆಳಗೇ ತಂದರು.

ಮನೆ 5 (ಪೀಜಿ): ಒಂದು ಮರೆತಿರಿ. ಲೇಡೀಸ್ ಹಾಸ್ಟೆಲ್ ಗೇಟು ಎಂಟೂವರೆಗೆ ಮುಚ್ಚುತ್ತದೆ. ಅದನ್ನು ಬದಲಾಯಿಸದೆ ಲೈಬ್ರರಿ ತೆರೆದರೆ ಹುಡುಗರಿಗಷ್ಟೇ ಲಾಭ. ನಮ್ಮ ಪೀಜಿ ಬಾಗಿಲನ್ನು ನಾನು 11:15ರವರೆಗೆ ತೆಗೆದಿಡುತ್ತೇನೆ.

ಮನೆ 17: ಸರಿಯಾಗಿ ಹೇಳಿದಿರಿ ಅಕ್ಕ, ನನಗೆ ಹೊಳೆದೇ ಇರಲಿಲ್ಲ. ಪತ್ರಕ್ಕೆ ಸೇರಿಸುತ್ತೇನೆ.

ಮನೆ 22: ಎಂಟರ ಮೇಲೆ ನಮ್ಮ ಕಡೆ ಗೇಟಲ್ಲಿ ನಡೆದು ಹೋಗುವವರನ್ನು ಮಾತ್ರ ಬಿಡಲಿ, ಬೈಕೆಲ್ಲ ಮುಂದಿನ ಗೇಟಿಂದ ಹೋಗಲಿ. ಹಾಗಿದ್ದರೆ ನಾನೂ ಸಹಿ ಹಾಕುತ್ತೇನೆ. ಮೊದಲು ಪರೀಕ್ಷೆ ಮುಗಿಯುವವರೆಗೆ ನೋಡೋಣ, ಅಲ್ವಾ?

ಮನೆ 17: ಆಗಲಿ ಸಾರ್. ಗೇಟಿನಿಂದ ಬಸ್ ಸ್ಟಾಪ್‌ವರೆಗೆ ಮೂರು ಬೀದಿದೀಪ ಉರಿಯುತ್ತಿಲ್ಲ. ಕಂಬದ ನಂಬರ್ ಬರೆದುಕೊಂಡಿದ್ದೇನೆ, ದೂರು ಇವತ್ತೇ ಕೊಡುತ್ತೇನೆ. ಸಹಿಗೆ ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕ್ ಹತ್ತಿರ ಬನ್ನಿ. ಆ ಹುಡುಗಿಗೂ ಬರಲು ಹೇಳಿದ್ದೇನೆ.