ಅಪ್‌ಡೇಟ್: ಮಾರಾಟ ಕಲಿಯಲು ಯಾವ ಪಾಡ್‌ಕಾಸ್ಟ್ ಕೇಳಲಿ ಅಂದಿದ್ದೆ

ಗಾಣದ ಎಣ್ಣೆಯನ್ನು ಅಂಗಡಿಗಳಿಗೆ ಮಾರುವ ಮಾತು ಕಲಿಯಬೇಕು ಅಂತ ಕೇಳಿದ್ದೆನಲ್ಲ? ನೀವು ಹೇಳಿದವುಗಳಲ್ಲಿ ಅಮೆರಿಕದ ‘ಸ್ಟಾರ್ಟಪ್’ ಹಿಡಿಸಿತು. 2014ರ ಮೊದಲ ಕಂತಿನಲ್ಲಿ ಅಲೆಕ್ಸ್ ಬ್ಲೂಮ್‌ಬರ್ಗ್ ತಮ್ಮ ಪಾಡ್‌ಕಾಸ್ಟ್ ಕಂಪನಿಗೆ ಬಂಡವಾಳ ಕೇಳುತ್ತಾ ಹೂಡಿಕೆದಾರ ಕ್ರಿಸ್ ಸಾಕಾ ಮುಂದೆ ತಡವರಿಸುತ್ತಾರೆ. ರೇಡಿಯೋದಲ್ಲಿ ಪಳಗಿದವರು, ಪಾಪ! ಆಮೇಲೆ ಸಾಕಾ ಅದೇ ಕಂಪನಿಯ ಪರವಾಗಿ ತಾವೇ ಮಾತಾಡಿ ತೋರಿಸುತ್ತಾರೆ. ಏನು ಮಾಡುತ್ತೇವೆ, ನಮಗೇ ಯಾಕೆ ಸಾಧ್ಯ, ಎಷ್ಟು ದುಡ್ಡು ಬೇಕು. ಸುತ್ತಿ ಬಳಸುವುದೇ ಇಲ್ಲ. ಆ ಭಾಗವನ್ನೇ ಮತ್ತೆ ಮತ್ತೆ ಕೇಳಿದೆ. ಆ ಕಂಪನಿ, ಗಿಮ್ಲೆಟ್, 2019ರಲ್ಲಿ ಸ್ಪಾಟಿಫೈ ಪಾಲಾಯಿತು.

ಈಗ ಗಾಣದ ಪುರಾಣ ಬಿಟ್ಟು ಮೊದಲೇ ಲೀಟರ್ ದರ, ಅಂಗಡಿಯವರಿಗೆ ಉಳಿಯುವ ಲಾಭ ಹೇಳುತ್ತೇನೆ. ಆರ್ಡರ್ ಬರುತ್ತಿದೆ, ಜಾಸ್ತಿ ಉದ್ರಿಯಲ್ಲೇ! ವಸೂಲಿ ಕಲಿಸುವ ಪಾಡ್‌ಕಾಸ್ಟ್ ಯಾವುದಾದರೂ ಇದೆಯಾ?